ಹನುಮವ್ವ ಗಂಡನ ಹೆಸರು ಹೇಳಿದ್ದು

ಇಪ್ಪತ್ತೆಂಟು ವರ್ಷ ಗೋವಾದವರ ಮನೆಗಳಿಗೆ ಕಾಂಕ್ರೀಟು ಹೊತ್ತು ಹನುಮವ್ವನ ನಡುನೆತ್ತಿಯ ಕೂದಲು ಉದುರಿಹೋಗಿತ್ತು. ಗೋವಾದ ಮಂಗೋರ್ ಹಿಲ್ಲಿನಲ್ಲಿ ಅವಳದೆಂದು ಇದ್ದದ್ದು ತಗಡಿನ ಒಂದು ಖೋಲಿ, ಒಂದು ವೋಟು. ಹಿಂದೆ ಚುನಾವಣೆ ಬಂದರೆ ಪುಢಾರಿಗಳು ‘ಅಕ್ಕಾ’ ಎಂದು ಗಾಡಿ ಕಳಿಸುತ್ತಿದ್ದರು. ಈ ಸಲ ಅದೇ ಪುಢಾರಿಗಳು ಮೈಕಿನಲ್ಲಿ, ‘ಘಾಟಿಗಳನ್ನು ಪಟ್ಟಿಯಿಂದ ತೆಗೆಯಿರಿ’ ಎಂದು ಕೂಗಿದರು. ಘಾಟಿ ಎಂದರೆ ಘಟ್ಟದ ಮೇಲಿಂದ ದುಡಿಯಲು ಬಂದವರು. ವೋಟು ಹೋದವರ ಖೋಲಿಯನ್ನೇ ಮೊದಲು ಕೆಡವುತ್ತಾರೆ ಎಂದು ಓಣಿಯಲ್ಲೆಲ್ಲ ಗುಲ್ಲು.

ಪಟ್ಟಿ ತಪಾಸಣೆಗೆ ಬಂದವನು ಬಾಗಿಲಲ್ಲೇ ನಿಂತು ಗಂಡನ ಹೆಸರು ಕೇಳಿದ. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಕಡಿಮೆ ಎಂದು ನಂಬಿದವಳು ಹನುಮವ್ವ. ಸೆರಗು ಬಾಯಿಗಿಟ್ಟು ನಕ್ಕಳು. ಇಂಥ ಹೊತ್ತಿನಲ್ಲಿ ಅವಳ ಪರವಾಗಿ ಹೇಳುವ ಪಕ್ಕದ ಖೋಲಿಯ ನೀಲಾ ಅಂದು ಕೆಲಸಕ್ಕೆ ಹೋಗಿದ್ದಳು. ಅವನು ‘ಗಂಡನ ಹೆಸರು ಗೊತ್ತಿಲ್ಲ’ ಎಂದು ಬರೆದುಕೊಂಡು ನಡೆದ.

ವಿಚಾರಣೆಗೆ ನೋಟೀಸು ಬಂತು. ನೀಲಾಳಿಗೂ ಬಂದಿತ್ತು. ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಹನುಮವ್ವನ ಗಂಡನಿಗೆ ರಜೆ ಸಿಗಲಿಲ್ಲ. ಹೆಂಗಸರಿಬ್ಬರೇ ಹೋದರು.

ಮೇಜಿನ ಆಚೆ ಕೂತಿದ್ದ ಅಧಿಕಾರಿ ಮೃದುಲಾ, “ಬನ್ನಿ, ನಾನೂ ಕನ್ನಡದವಳೇ, ಕಾರವಾರದವಳು” ಎಂದಾಗ ಹನುಮವ್ವನಿಗೆ ಹೋದ ಜೀವ ಬಂದಂತಾಯಿತು.

“ಗಂಡನ ಹೆಸರು?”

“ನೀಲಾ, ನೀನ ಹೇಳವಾ.”

“ಅವರು ಹೇಳೋ ಹಾಗಿಲ್ಲ. ನೀವೇ ಹೇಳ್ಬೇಕು.”

“ಕಾರ್ಡಿನ್ಯಾಗ ಐತಲ್ರಿ ಬಾಯಾರ. ಓದ್ಕೋರಿ.”

“ಕಾರ್ಡು ಯಾರು ಬೇಕಾದ್ರೂ ಮಾಡಿಸ್ತಾರೆ.”

ನೀಲಾ ಸುಮ್ಮನಿರಲಿಲ್ಲ. “ವೋಟ್ ಹಾಕಸ್ಕೊಳ್ಳುವಾಗ ಖರೇ ಇದ್ದ ಕಾರ್ಡು ಈಗ ಖೊಟ್ಟಿ ಆತೇನ್ರಿ?”

ಹನುಮವ್ವ ತಾಳಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ಮದುವೆಯಾದಂದಿನಿಂದ ಮೊದಲ ಸಲ ಆ ಹೆಸರು ಅವಳ ಬಾಯಿಂದ ಬಂತು.

“ಕಂಠೆಪ್ಪ.”

ಮೃದುಲಾ ಪೆನ್ನು ಎತ್ತಲಿಲ್ಲ. “ಆವತ್ತು ಗೊತ್ತಿರ್ಲಿಲ್ಲ, ಇವತ್ತು ಹೇಗೆ ಗೊತ್ತಾಯ್ತು? ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ.”

“ಅಯ್ಯ ನಮ್ಮವ್ವಾ! ಹೇಳದಿದ್ರೂ ತಪ್ಪು, ಹೇಳಿದ್ರೂ ತಪ್ಪೇನ್ರಿ?” ಎಂದಳು ಹನುಮವ್ವ.

“ನಾನೇನು ಮಾಡ್ಲಿ? ಮೇಲಿನವರ ಆದೇಶ.”

“ನೀವೂ ಹೊರಗಿಂದ ಬಂದಾವ್ರು. ನಿಮ್ಮ ಯಜಮಾನ್ರ ಹೆಸರು ಯಾರ್ ಕೇಳ್ಯಾರ್ರಿ?”

“ನನ್ನನ್ನ ಯಾಕೆ ಕೇಳ್ತಾರೆ?” ಎಂದುಬಿಟ್ಟಳು ಮೃದುಲಾ. ಆಮೇಲೆ ಹನುಮವ್ವನ ಮುಖ ನೋಡದೆ ಕರೆದಳು. “ನೀಲಾ. ಗಂಡನ ಹೆಸರು?”

“ಆಕಿದು ಬರಕೊಳ್ಳೂತನಾ ನಾ ಹೇಳಂಗಿಲ್ರಿ.”

“ನಿಮ್ಮ ಹೆಸರೂ ಹೋಗತ್ತೆ, ನೋಡಿ.”

“ಹೇಳಿದಾಕಿದು ಉಳದೈತೇನ್ರಿ?”

ಹನುಮವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಮೃದುಲಾ ಸಾಲಿನಲ್ಲಿದ್ದ ಮುಂದಿನವಳಾದ ದ್ರಾಕ್ಷಾಯಿಣಿಯನ್ನು ಕೇಳಿದಳು. ಅವಳು ನೀಲಾಳ ಕಡೆ ನೋಡಿದಳು, ಬಾಯಿ ಬಿಡಲಿಲ್ಲ. ಮೃದುಲಾ ಮೂವರ ಹೆಸರಿನ ಮೇಲೂ ಕೆಂಪು ಗೀಟು ಎಳೆದು, “ಇನ್ನು ಹೋಗಿ” ಎಂದಳು.

ಯಾರೂ ಹೋಗಲಿಲ್ಲ.