ಬಟ್ಟೆ ಗಾಡಿಯಲ್ಲಿ ಹೋದ ಮಗು

ಬೆಳಗಿನ ಪಾಳಿಯವರ ಅವಸ್ಥೆ ಕೇಳಬೇಡಿ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಅರೆನಿದ್ದೆಯ ಮಗು, ಬಾಯಲ್ಲಿ ಹೇರ್‌ಪಿನ್ನು! ಹೆಂಗಸರ ವಾರ್ಡಿನ ಸಿಸ್ಟರ್ ಆ ಸೋಮವಾರ ಹಾಗೆಯೇ ಓಡೋಡಿ ಆಸ್ಪತ್ರೆಗೆ ಬಂದರೆ ಮಕ್ಕಳ ರೂಮಿಗೆ ಬೀಗ. ಬಾಗಿಲ ಮೇಲೊಂದು ಚೀಟಿ: ‘ಬಣ್ಣ ಬಳಿಯಲು ಒಂದು ವಾರ ಮುಚ್ಚಿದೆ.’

ಸಿಬ್ಬಂದಿಯ ಮಕ್ಕಳಿಗಾಗಿ ಆಸ್ಪತ್ರೆಯವರೇ ನಡೆಸುತ್ತಿದ್ದ ರೂಮು ಅದು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಆಕೆ ಬಾಗಿಲ ಬಳಿಯೇ ಸಿಡಿಮಿಡಿಗುಟ್ಟುತ್ತಾ ನಿಂತಿದ್ದಳು.

“ಬಣ್ಣವಂತೆ ಬಣ್ಣ! ಬ್ರಶ್ಶೂ ಇಲ್ಲ, ಡಬ್ಬಿನೂ ಇಲ್ಲ. ಬಂದಿರೋದು ಕಬ್ಬಿಣದ ರ‍್ಯಾಕು. ಇದನ್ನ ಗೋಡೌನ್ ಮಾಡ್ತಾರೆ ಕಣೇ. ಒಂದು ವಾರ ಮುಚ್ಚಿ ನೋಡ್ತಾರೆ. ಯಾರೂ ಕೇಳ್ಲಿಲ್ಲ ಅಂದ್ರೆ ಮುಗೀತು ಕಥೆ. ನಡಿ, ಎಲ್ರೂ ಸೇರಿ ಕೇಳೋಣ.”

“ಬೇಡ ದೊಡ್ಡಮ್ಮ, ಒಂದು ವಾರ ತಾನೇ? ಹೇಗೋ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು. ಮಗು ನೆಪ ಹೇಳ್ತಾಳೆ ಅಂತ ಯಾಕೆ ಅನ್ನಿಸ್ಕೊಳ್ಳಲಿ?”

“ಅಳದೇ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲಮ್ಮ. ಇನ್ನು ಆಫೀಸಿನವರು ಕೊಡ್ತಾರಾ?”

ಸಿಸ್ಟರ್ ಗಡಿಯಾರ ನೋಡಿದಳು. ಮಗಳನ್ನು ಎತ್ತಿಕೊಂಡು ಮತ್ತೆ ಮನೆಯ ಕಡೆ ಓಡಿದಳು.

ಆ ಮಗಳೋ, ಮೂರು ವರ್ಷದ ಪಟಾಕಿ. ಮನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುವುದು. ಪಕ್ಕದ ಮನೆಯಾಕೆ ಎರಡು ದಿನ ನೋಡಿಕೊಂಡು ಕೈ ಮುಗಿದಳು: “ನನ್ನ ಕೈಲಾಗಲ್ಲ ತಾಯಿ, ಇವಳು ನಿಂತಲ್ಲಿ ನಿಲ್ಲಲ್ಲ.” ಗಂಡ ಬಸ್ ಡ್ರೈವರ್. ಸ್ಟೇರಿಂಗ್ ಹಿಡಿದು ಮಗುವನ್ನು ನೋಡಿಕೊಳ್ಳಲಾದೀತೇ? “ಸುಮ್ನಿರು. ಬಾಯಿ ಬಿಟ್ಟು ಕೆಲಸಕ್ಕೆ ಕುತ್ತು ತಂದ್ಕೋಬೇಡ” ಎಂದ.

ಬುಧವಾರ ಸಿಸ್ಟರ್ ಮಗಳನ್ನು ವಾರ್ಡಿನ ಬಟ್ಟೆ ಕೋಣೆಯೊಳಗೆ ಬಿಟ್ಟಳು.

“ಇದೊಂದು ಆಟ ಪುಟ್ಟಿ. ಯಾರಾದ್ರೂ ಬಂದ್ರೆ ಅಡಗಿಕೋ. ಯಾರು ಕರೆದ್ರೂ ಉಸಿರೆತ್ತಬಾರದು. ಎತ್ತಿದ್ರೆ ಸೋತ ಹಾಗೆ.”

ಹೀಗೆ ಮಗುವನ್ನು ಬಚ್ಚಿಟ್ಟವಳು ಅವಳೊಬ್ಬಳೇ ಅಲ್ಲ. ಲಿಫ್ಟ್ ನಡೆಸುವ ಅಣ್ಣನ ಮಗ ಅಪ್ಪನ ಸ್ಟೂಲಿನ ಹಿಂದೆ ಕೂತು ಇಡೀ ದಿನ ಮೇಲೆ ಕೆಳಗೆ ಓಡಾಡಿ ತಲೆ ತಿರುಗಿ ವಾಂತಿ ಮಾಡಿದ್ದ. ಔಷಧಿ ಕೌಂಟರಿನಾಕೆಯ ಕೂಸು ರಟ್ಟಿನ ಡಬ್ಬದಲ್ಲಿ ಮಲಗಿತ್ತು. ಎಲ್ಲರೂ ಎಲ್ಲರ ಗುಟ್ಟು ಬಲ್ಲರು, ಬಾಯಿ ಮಾತ್ರ ಬಿಡರು. ಆಡಳಿತಾಧಿಕಾರಿ ಸುತ್ತು ಹಾಕುತ್ತಾ ಬಂದು ಕೇಳಿದರು: “ರೂಮು ಮುಚ್ಚಿದ್ದು ಯಾರಿಗಾದ್ರೂ ತೊಂದ್ರೆ ಆಯ್ತಾ?”

“ಇಲ್ಲ ಸಾರ್” ಎಂದಳು ಸಿಸ್ಟರ್. ಹೇಳುವಾಗ ಕಣ್ಣು ಬಟ್ಟೆ ಕೋಣೆಯ ಬಾಗಿಲ ಮೇಲೇ ಇತ್ತು.

ಗುರುವಾರ ಮಧ್ಯಾಹ್ನ ಹೊಸ ರೋಗಿಯೊಬ್ಬರಿಗೆ ಉಸಿರು ಕಟ್ಟಿತು. ಸಿಸ್ಟರ್ ಅತ್ತ ಓಡಿದಳು. ಕೈ ಆಕ್ಸಿಜನ್ ಮೇಲೆ, ಜೀವ ಮಾತ್ರ ಆ ಕೋಣೆಯಲ್ಲಿ. ರೋಗಿ ಸುಧಾರಿಸಿಕೊಂಡ ಮೇಲೆ ಬಂದು ಬಾಗಿಲು ತೆಗೆದರೆ ಮಗಳಿಲ್ಲ.

“ಪುಟ್ಟಿ... ಏ ಪಟಾಕಿ...”

ಮೊದಲು ಪಿಸುದನಿಯಲ್ಲಿ ಕರೆದಳು. ಯಾರಿಗೂ ಗೊತ್ತಾಗಬಾರದಲ್ಲ! ಕಪಾಟಿನ ಹಿಂದೆ ನೋಡಿದಳು, ಹೊದಿಕೆಗಳ ಅಡಿ ತಡಕಿದಳು. ಆಮೇಲೆ ನಾಚಿಕೆ ಮಾನ ಬಿಟ್ಟು ಕೂಗಿದಳು. ಓ ಎನ್ನುವವರಿಲ್ಲ. ಆಗ ಕಂಡಿತು: ಮೂಲೆಯಲ್ಲಿದ್ದ ಮೈಲಿಗೆ ಬಟ್ಟೆಯ ಗಾಡಿಯೂ ಇಲ್ಲ.

ಆ ಗಾಡಿ ಹೋಗುವುದು ಬಟ್ಟೆ ಒಗೆಯುವ ಲಾಂಡ್ರಿಗೆ! ಮೆಟ್ಟಿಲು ಇಳಿದಳೋ ಹಾರಿದಳೋ, ಅವಳಿಗೇ ತಿಳಿಯದು. ಕೆಳಗೆ ಲಾಂಡ್ರಿಯಲ್ಲಿ ಮಿಷನ್ನುಗಳ ಗಡಗಡ ಸದ್ದು. ಸಾಲಾಗಿ ನಿಂತ ಗಾಡಿಗಳು. ಲಾಂಡ್ರಿಯವನು ತೋಳ ತುಂಬ ಬಟ್ಟೆ ಬಾಚಿ ಮಿಷನ್ನಿಗೆ ತುಂಬುತ್ತಿದ್ದ.

“ನಿಲ್ಸೀ! ನನ್ನ ಮಗಳು!”

ಅವನು ಗರಬಡಿದವನಂತೆ ನಿಂತ. ಇಬ್ಬರೂ ಬಟ್ಟೆ ಕಿತ್ತು ಕಿತ್ತು ಎಸೆದರು. ರಕ್ತದ ಕಲೆ, ಔಷಧಿ ವಾಸನೆ, ಯಾರು ಯಾರದೋ ರೋಗ ಹೊತ್ತ ಬಟ್ಟೆಗಳು. “ಪುಟ್ಟೀ, ಅಮ್ಮ ಕಣೇ, ಓ ಅನ್ನೇ!” ಎಂದು ಕೂಗಿದರೂ ಸದ್ದಿಲ್ಲ. ಕೊನೆಯ ಗಾಡಿಯ ತಳದಲ್ಲಿ, ಬೆವರಿ ಒದ್ದೆಯಾದ ತಲೆ. ಎರಡು ಕಣ್ಣು.

“ಅಮ್ಮಾ, ನಾನು ಉಸಿರೆತ್ಲೇ ಇಲ್ಲ. ಗೆದ್ದೆ ಅಲ್ವಾ?”

ಸಿಸ್ಟರ್ ಮಗಳನ್ನು ತಬ್ಬಿಕೊಂಡು ಒದ್ದೆ ನೆಲದ ಮೇಲೇ ಕೂತು ಗೊಳೋ ಎಂದು ಅತ್ತಳು. ಸುಮ್ಮನಿರು ಎಂದು ಕಲಿಸಿದವಳು ತಾನೇ! ತಾನೂ ಸುಮ್ಮನಿದ್ದು ಮಗುವನ್ನೂ ಸುಮ್ಮನಿರಿಸಿದ್ದಳು. ಮಗಳ ಕೈ ಮೈ ತೊಳೆದು, ಎತ್ತಿಕೊಂಡು ನೆಟ್ಟಗೆ ಲಿಫ್ಟಿಗೆ ಹೋದಳು.

“ಅಣ್ಣ, ನಿನ್ನ ಮಗನ್ನ ಕರ್ಕೊಂಡು ನನ್ಜೊತೆ ಬಾ. ಆಫೀಸಿಗೆ.”

“ಕೆಲಸಕ್ಕೆ ಕುತ್ತು ಬಂದ್ರೆ ಸಿಸ್ಟರ್?”

“ನನ್ನ ಮಗಳನ್ನ ಈಗ ಬಟ್ಟೆ ಒಗೆಯೋ ಮಿಷನ್ನಿನ ಬಾಯಿಂದ ತಂದಿದೀನಿ. ಇನ್ನೇನು ಬರಬೇಕು?”

ಅಣ್ಣ ಎದ್ದ. ಔಷಧಿ ಕೌಂಟರಿನಾಕೆ ಡಬ್ಬದ ಸಮೇತ ಬಂದಳು. ದಾರಿಯುದ್ದಕ್ಕೂ ಸುದ್ದಿ ಹಬ್ಬಿತು. ಎಲ್ಲೆಲ್ಲಿಂದಲೋ ಮಕ್ಕಳು ಹೊರಬಂದವು. ದೊಡ್ಡಮ್ಮ ಎಲ್ಲರಿಗಿಂತ ಮುಂದೆ. ಆಡಳಿತಾಧಿಕಾರಿಯ ಕೋಣೆ ಒಂದೇ ಗಳಿಗೆಯಲ್ಲಿ ಗಿಜಿಗಿಜಿ. ಪಟಾಕಿ ಹೋಗಿ ಅವರ ಮೇಜಿನ ಗಂಟೆ ಒತ್ತತೊಡಗಿದಳು.

“ಇಷ್ಟು ಮಕ್ಕಳು ಎಲ್ಲಿದ್ವು?” ಎಂದರು ಅವರು ಕಕ್ಕಾಬಿಕ್ಕಿಯಾಗಿ. “ತೊಂದ್ರೆ ಇಲ್ಲ ಅಂದ್ರಲ್ಲ!”

“ಹೆದರಿ ಸುಳ್ಳು ಹೇಳಿದೆ ಸಾರ್” ಎಂದಳು ಸಿಸ್ಟರ್. ನಡೆದದ್ದನ್ನೆಲ್ಲ ಹೇಳಿದಳು.

ದೊಡ್ಡಮ್ಮ ಸೇರಿಸಿದಳು: “ರೂಮು ಮುಚ್ಚಿದ್ರೆ ಮಕ್ಕಳು ಮಾಯ ಆಗಲ್ಲ ಸಾರ್. ಲಿಫ್ಟಲ್ಲಿ, ಡಬ್ಬದಲ್ಲಿ ಇರ್ತವೆ. ತಾಯಿ ಮನಸ್ಸು ಅಲ್ಲೇ ಇರತ್ತೆ. ಆಮೇಲೆ ರೋಗೀನ ನೋಡೋರು ಯಾರು?”

ಆಡಳಿತಾಧಿಕಾರಿ ಎಲ್ಲ ಮಕ್ಕಳನ್ನೂ ಒಮ್ಮೆ ನೋಡಿದರು. ಡ್ರಾಯರಿನಿಂದ ರೂಮಿನ ಕೀಲಿ ತೆಗೆದು ದೊಡ್ಡಮ್ಮನ ಕೈಗಿಟ್ಟರು. ಮೇಲಿನವರಿಗೆ ಹೇಳಲು ನಿಮ್ಮಲ್ಲಿ ನಾಲ್ಕು ಜನ ನನ್ನ ಜೊತೆ ಬರಬೇಕು ಎಂದರು. ಸಂಜೆ ವಿಷಯ ಕೇಳಿದ ಗಂಡನ ಮುಖ ಬಿಳಿಚಿಕೊಂಡಿತು. “ಸುಮ್ನಿರು ಅಂದವನು ನಾನೇ. ನಾಲ್ಕಲ್ಲ, ಐದು ಜನ ಅನ್ನು. ರಜೆ ಹಾಕಿ ನಾನೂ ಬರ್ತೀನಿ” ಎಂದ. ಹೋದರು, ಮಾತಾಡಿದರು. ರ‍್ಯಾಕುಗಳು ಹೊರಗೆ ಹೋದವು, ಮಕ್ಕಳು ಒಳಗೆ ಬಂದರು.

ಈಗ ನಿಮ್ಮ ಸರದಿ. ನಿಮ್ಮ ಆಸ್ಪತ್ರೆಯಲ್ಲಿ ಮಕ್ಕಳ ರೂಮು ಇದೆಯೇ? ಇದ್ದರೆ ಬಳಸಿ. ಮುಚ್ಚುವ ಮಾತು ಬಂದರೆ ಒಬ್ಬೊಬ್ಬರೇ ಮಗುವನ್ನು ಬಚ್ಚಿಟ್ಟು ಒದ್ದಾಡಬೇಡಿ. ಅಮ್ಮಂದಿರಷ್ಟೇ ಅಲ್ಲ, ಅಪ್ಪಂದಿರೂ ಜೊತೆಗೂಡಿ ಕೇಳಿ. ಇದರ ಬಗ್ಗೆ ಕಾನೂನು ಏನು ಹೇಳುತ್ತದೆಂದು ಬಲ್ಲವರಿಂದ ತಿಳಿದುಕೊಳ್ಳಿ. ಪಟಾಕಿ ಆ ದಿನ ಗೆದ್ದದ್ದು ತಾಯಿಯ ಪುಣ್ಯ. ನೀವು ಮಾತ್ರ ಆ ಆಟ ಆಡಬೇಡಿ, ಉಸಿರೆತ್ತಿ.