ಕುಂಬಳಕಾಯಿಗೆ ಮೊದಲ ಏಟು

"ಇದನ್ನ ಇನ್ನ ಯಾರು ಒಡೀಬೇಕು?"

ಅಡುಗೆಮನೆಯಲ್ಲಿ ಕಾವೇರಿ ಒಬ್ಬಳೇ ಇದ್ದಳು. ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಮಣೆಯ ಮೇಲೆ ಕುಂಬಳಕಾಯಿ ಕೂತಿತ್ತು, ಹಬ್ಬಕ್ಕೆ ಬಂದ ಬೀಗರಂತೆ ದುಂಡಗೆ, ಬಿಗುಮಾನದಿಂದ.

ನಾಳೆ ಸೀಗಿ ಹುಣ್ಣಿಮೆ. ನಾಡಿದ್ದು ಮುಂಜಾನೆ ಮೈದುನ ಅರುಣಕುಮಾರನ ಸಾಮಾನು ಹೊತ್ತ ಟೆಂಪೊ ಸಿಂದಗಿ ಬಿಟ್ಟು ಬಸವನ ಬಾಗೇವಾಡಿಯ ಹಾದಿ ಹಿಡಿಯುವುದಿತ್ತು. ಅವನ ಜೊತೆ ಹೆಂಡತಿ ಸುಜಾತಾ ಹೋಗುತ್ತಾಳೆ, ಏಳು ವರ್ಷದ ಮಗಳು ಮಾಯವ್ವನೂ ಹೋಗುತ್ತಾಳೆ. ವರ್ಷದ ಪರೀಕ್ಷೆ ಮುಗಿಯುವ ತನಕವಾದರೂ ಕೂಸನ್ನು ತನ್ನ ಹತ್ತಿರ ಬಿಡು ಎಂದು ಸುಜಾತಾಳನ್ನು ಕೇಳಬೇಕು. ಎಂಟು ದಿನದಿಂದ ಕಾವೇರಿ ಆ ಒಂದು ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡು ತಿರುಗುತ್ತಿದ್ದಳು. ಮನೆದೇವರು ಅಮೋಘಸಿದ್ಧನ ಜಗಲಿಗೆ ದೀಪ ಹಚ್ಚುವಾಗಲೂ ಅದೇ, ರೊಟ್ಟಿ ಬಡಿಯುವಾಗಲೂ ಅದೇ. ಇವತ್ತು ಈ ಕಾಯಿಯಿಂದ ಡೋನಟ್ ಮಾಡಿ, ಬಿಸಿಬಿಸಿ ಇರುವಾಗಲೇ ತಟ್ಟೆ ಹಿಡಿದುಕೊಂಡು ಹೋಗಿ ಕೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿದ್ದಳು.

ಮಾಯವ್ವನನ್ನು ಹೆತ್ತವಳು ಸುಜಾತಾ, ಎರೆದು ಹೊದಿಸಿ ಬೆಳೆಸಿದವಳು ಕಾವೇರಿ. ಸುಜಾತಾ ಆಲಮೇಲದಲ್ಲಿ ನರ್ಸು. ಕೂಸಿಗೆ ಆರು ತಿಂಗಳು ತುಂಬುತ್ತಲೇ ಮುಂಜಾನೆಯ ಬಸ್ಸಿಗೆ ಹೊರಟವಳು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಕಾವೇರಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ತೊಟ್ಟಿಲು ಕಟ್ಟುವ ಯೋಗ ಕೂಡಿ ಬಂದಿರಲಿಲ್ಲ. ಬಂದ ಒಂದೇ ತೊಟ್ಟಿಲು ಸುಜಾತಾಳದು. ತೂಗಿದ ಕೈ ಮಾತ್ರ ಇವಳದು.

ಡೋನಟ್ಟಿನ ಹುಚ್ಚು ಹಚ್ಚಿದವಳೂ ಮಾಯವ್ವನೇ. ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸು, ಗಿಡದ ಎಲೆಯೆಲ್ಲ ಕೆಂಪಾಗಿ ಉದುರುವ ಕಾಲದಲ್ಲಿ, ಕುಂಬಳಕಾಯಿ ಹಾಕಿ ಡೋನಟ್ ಬೇಯಿಸುತ್ತಿದ್ದಳು. "ದೊಡ್ಡವ್ವಾ, ನಮ್ಮ ಹೊಲದಾಗೂ ಕುಂಬಳಕಾಯಿ ಅದಾವಲ್ಲ!" ಎಂದು ಮಾಯವ್ವ ಸೆರಗು ಜಗ್ಗಿದ್ದಳು. ಕುಂಬಳಕಾಯಿ ಗಾರಿಗೆ ಕರಿಯಬಲ್ಲ ಕೈಗೆ ಇದೇನು ದೊಡ್ಡದು? ಬೇಯಿಸಿ ಕಿವುಚಿದ ಕುಂಬಳಕಾಯಿ, ಬೆಲ್ಲ, ಒಣಶುಂಠಿ, ಜಾಜಿಕಾಯಿ. ಹಿಟ್ಟು ಉಬ್ಬಿಸಲು ಹಾಜಿಮಲಂಗನ ಬೇಕರಿಯಿಂದ ತಂದ ಈಸ್ಟು. ಓವನ್ ಇಲ್ಲದಿದ್ದರೆ ಏನಾಯಿತು, ದಪ್ಪ ತಳದ ಪಾತೇಲಿಯಲ್ಲಿ ಉಪ್ಪು ಹಾಸಿ, ಅದರೊಳಗೆ ತಟ್ಟೆ ಇಟ್ಟು, ಮುಚ್ಚಿ ಬೇಯಿಸಿದ್ದಳು. ಮೇಲೆ ಸೀತಾಫಲದ ತಿರುಳಿನ ಲೇಪ.

ಗಂಡ ಮಾಳಿಂಗರಾಯ ಒಂದನ್ನು ಎತ್ತಿ, ನಡುವಿನ ತೂತಿಗೆ ಕಣ್ಣಿಟ್ಟು ಹೆಂಡತಿಯನ್ನು ನೋಡಿದ್ದ. "ತಿನ್ನೂದ ನಡುವ ಇರ್ತದಲೇ, ಅದನ್ನ ತಗದಿಟ್ಟು ಸುತ್ತಲಿಂದು ಕೊಡಾಕತ್ತೀಯಲ್ಲ. ಯಾವ ಊರ ಶಾಣ್ಯಾತನ ಇದು?"

"ನಡುವಿಂದು ನನಗ ದೊಡ್ಡಪ್ಪಾ!" ಎಂದು ಮಾಯವ್ವ ಕೂಗಿದ್ದಳು. ಅಂದಿನಿಂದ ಅದು ಮನೆಯ ಕಟ್ಟಳೆಯೇ ಆಗಿತ್ತು. ಪೌಡರ್ ಡಬ್ಬಿಯ ಮುಚ್ಚಳದಿಂದ ಒತ್ತಿ ತೆಗೆದ ನಡುವಿನ ಗುಂಡುಗಳನ್ನೆಲ್ಲ ಬೇರೆ ಬೇಯಿಸಿ, ಮೊದಲು ಮಾಯವ್ವನ ಕೈಗೆ ಕೊಡುವುದು.

ಆದರೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ. ಅದು ಮನೆಯ ಹಿರಿಯ ಕೂಸಿನ ಸಮ, ತಾಯಾದವಳ ಕೈ ಅದರ ಮೇಲೆ ಏಳಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದಳು. ಮನೆಯ ಹಿರಿಯ ಗಂಡಸು ದೇವರ ಭಂಡಾರದ ಅರಿಸಿನ ಹಚ್ಚಿ ಒಡೆದುಕೊಟ್ಟ ಮೇಲೆಯೇ ಈಳಿಗೆ ಹೆಂಗಸರ ಕೈಗೆ. ಪ್ರತಿ ವರ್ಷ ಒಡೆಯುತ್ತಿದ್ದವನು ಮಾಳಿಂಗರಾಯ. ಈ ಸಲ, ಬಾವಿಯ ನೀರಿನ ಪಾಳಿಗಾಗಿ ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆದಿತ್ತು; ತಮ್ಮ ತನ್ನ ನೌಕರಿಗೂ ಹೆಂಡತಿಯ ನೌಕರಿಗೂ ಬಾಗೇವಾಡಿಗೆ ವರ್ಗ ಕೇಳಿ ಪಡೆದಿದ್ದ; ಮೂರು ತಿಂಗಳಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮುಂಜಾನೆ ಕಾವೇರಿ ಗಂಡನನ್ನು ಕೇಳಿದ್ದಳು. ಅವನು ಚಪ್ಪಲಿ ಮೆಟ್ಟುತ್ತ, "ಮನಿ ಎರಡಾಗೇತಿ. ಯಾವ ಮನಿ ಹಿರೇತನ ಅಂತ ಒಡೀಲಿ?" ಎಂದು ಹೊಲದ ಹಾದಿ ಹಿಡಿದಿದ್ದ. ಮೈದುನನನ್ನು ಕೇಳಿದಳು. ಪುಸ್ತಕದ ಗಂಟಿಗೆ ಹಗ್ಗ ಬಿಗಿಯುತ್ತಿದ್ದ ಅರುಣಕುಮಾರ ತಲೆಯೆತ್ತದೆ, "ಹಿರ್ಯಾರು ಅದಾರಲ್ರಿ ವೈನಿ, ಅವರನ್ನ ಕೇಳ್ರಿ" ಎಂದಿದ್ದ.

ಮಧ್ಯಾಹ್ನವಾಯಿತು. ಈಸ್ಟು ಉಗುರುಬೆಚ್ಚಗಿನ ನೀರಿನಲ್ಲಿ ನೊರೆಯೆದ್ದು ಕಾಯುತ್ತಿತ್ತು. ಕಾವೇರಿಗೆ ಎದೆಯೊಳಗಿನಿಂದ ಸಿಟ್ಟು ಏರಿತು. ಗಂಡಸರ ಜಿದ್ದಿಗೆ ಕೂಸಿನ ತಿನಿಸು ನಿಲ್ಲಬೇಕೇ? ಭಂಡಾರದ ಡಬ್ಬಿ ತೆರೆದು ಕಾಯಿಗೆ ತಾನೇ ಹಚ್ಚಿದಳು. ಕತ್ತಿ ಎತ್ತಿದಳು.

ಪಕ್ಕದ ಕೋಣೆಯಲ್ಲಿ ಪಾತ್ರೆ ಕಟ್ಟುತ್ತಿದ್ದ ಸುಜಾತಾ ಹೌಹಾರಿ ಬಾಗಿಲಿಗೆ ಬಂದಳು. "ಅಕ್ಕಾ! ನೀವ್ಯಾಕ? ಬ್ಯಾಡ್ರಿ, ಕೆಟ್ಟ ಅಂತಾರ."

"ಮಕ್ಕಳೊಂದಿಗರಿಗೆ ಕೆಟ್ಟ," ಎಂದಳು ಕಾವೇರಿ. "ನನಗ್ಯಾವ ಮಕ್ಕಳದಾವಂತ ಅಂಜಲಿ?"

ಏಟು ಬಿತ್ತು. ಕಾಯಿ ಎರಡಾಗಿ ಕೇಸರಿ ತಿರುಳು ಬಾಯಿಬಿಟ್ಟಿತು. ಆಗ ನೋಡಿದಳು. ಸುಜಾತಾಳ ಸೀರೆಯ ಹಿಂದೆ, ಹೊಸ್ತಿಲ ಮೇಲೆ, ನಡು ಒತ್ತುವ ಪೌಡರ್ ಡಬ್ಬಿ ಹಿಡಿದುಕೊಂಡು ಮಾಯವ್ವ ನಿಂತಿದ್ದಳು. ಡಬ್ಬಿಯನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟು ಹೊರಗೆ ಹೋದಳು.

ಮಕ್ಕಳು, ಆಡಲು ಹೋಗಿರಬೇಕು ಎಂದುಕೊಂಡಳು ಕಾವೇರಿ. ಬೇಯಿಸಿದಳು, ಕಿವುಚಿದಳು, ಹಿಟ್ಟು ಕಲಸಿ ಒದ್ದೆಬಟ್ಟೆ ಮುಚ್ಚಿ ಉಬ್ಬಲು ಬಿಟ್ಟಳು. ಲಟ್ಟಿಸಿ, ಲೋಟದಿಂದ ದುಂಡಗೆ ಕೊರೆದು, ಮುಚ್ಚಳದಿಂದ ನಡುವನ್ನು ತೆಗೆದಳು. ಪಾತೇಲಿಯಿಂದ ಶುಂಠಿ, ಬೆಲ್ಲದ ವಾಸನೆ ಎದ್ದು ಓಣಿಗೆಲ್ಲ ಹರಿಯಿತು. ಆ ವಾಸನೆಗೆ ಓಡಿ ಬರುವ ಕಾಲಿನ ಸಪ್ಪಳ ಮಾತ್ರ ಬರಲಿಲ್ಲ.

ಗುಂಡುಗಳನ್ನು ಬಟ್ಟಲಿಗೆ ಹಾಕಿ ತಾನೇ ಅಂಗಳಕ್ಕೆ ಒಯ್ದಳು. "ಮಾಯವ್ವಾ, ಬಾ ತಾಯಿ, ನಡುವಿಂದು ನಿನಗಲ್ಲೇನ?"

"ನನಗ ಬ್ಯಾಡ," ಎಂದಳು ಹುಡುಗಿ, ಕಟ್ಟೆಯ ಮೇಲಿನ ಇರುವೆ ಸಾಲನ್ನು ನೋಡುತ್ತ.

ಕಾವೇರಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. ಆದರೂ ದೊಡ್ಡ ಮಾತು ಇನ್ನೂ ಉಳಿದಿತ್ತು. ತಟ್ಟೆ ತುಂಬಿಕೊಂಡು ಸುಜಾತಾಳ ಕೋಣೆಗೆ ಹೋಗಿ ಎದುರಿಗೆ ಕೂತಳು. ಬಾಯಿ ತೆರೆಯುವ ಮೊದಲೇ ಸುಜಾತಾ ಕೈ ಹಿಡಿದಳು.

"ಅಕ್ಕಾ, ನೀವು ಕೇಳೂದು ನನಗ ಗೊತ್ತೈತಿ. ಎಂಟು ದಿನದಿಂದ ನಿಮ್ಮ ಮಾರಿ ನೋಡಾಕತ್ತೇನಿ. ಇವರನ್ನೂ ಒಪ್ಪಿಸಿದ್ದೆ. ನಡುವ ಸಾಲಿ ಬಿಡಿಸೂದು ಬ್ಯಾಡ, ಪರೀಕ್ಷಾ ಮುಗಿಯೂ ತನಕ ಅಕ್ಕನ ಕಡೇನ ಇರ್ಲಿ ಅಂತ. ಆಕಿ ಲಂಗಾ-ಅರಬಿ ನಾ ಗಂಟ ಕಟ್ಟಿರಲಿಲ್ಲ, ನೋಡ್ರಿ."

ಕಾವೇರಿಯ ಕಣ್ಣು ತುಂಬಿತು. "ನಮ್ಮವ್ವ, ನೀ ತಣ್ಣಗ ಇರು..."

"ತಡೀರಿ ಅಕ್ಕಾ." ಸುಜಾತಾಳ ದನಿ ಒಡೆಯಿತು. ಮೂಲೆಯತ್ತ ಕೈ ಮಾಡಿದಳು. ಶಾಲೆಯ ಚೀಲ ಹೊಟ್ಟೆಯುಬ್ಬಿ ಕೂತಿತ್ತು, ಬಾಯಲ್ಲಿ ಹಳದಿ ಲಂಗದ ಅಂಚು ಸಿಕ್ಕಿಕೊಂಡಿತ್ತು. ಹೋದ ದೀಪಾವಳಿಗೆ ಕಾವೇರಿಯೇ ಹೊಲಿಸಿದ್ದ ಲಂಗ. "ಆಗಳೆ ಬಂದು ತಾನ ತುಂಬಿಕೊಂಡಾಳ. 'ನೀ ಇಲ್ಲೇ ಇರ್ತೀಯಲ್ಲ ತಂಗಿ' ಅಂದೆ. 'ದೊಡ್ಡವ್ವಗ ಮಕ್ಕಳಿಲ್ಲಂತ, ನಾ ಯಾರ ಮನ್ಯಾಗ ಇರ್ಲಿ' ಅಂದ್ಲು. ಏನ ಹೇಳ್ಲಿ ನಾ?"

"ಸಿಟ್ಟಿನ ಮಾತು ಸುಜಾತಾ. ಬಾಯಿ ಜಾರಿ..."

"ನನಗ ತಿಳೀತೈತ್ರಿ ಅಕ್ಕಾ. ಆಕಿಗಿ ತಿಳಿಬೇಕಲ್ಲ. ನೀವ ಕೇಳ್ರಿ. ಹೂಂ ಅಂದ್ರ ಈಗಲೂ ಬಿಟ್ಟು ಹೋಗ್ತೇನಿ."

ಕಾವೇರಿ ಅಂಗಳಕ್ಕೆ ಬಂದಳು. ಇಷ್ಟು ವರ್ಷ ತನ್ನ ಮಗ್ಗುಲಲ್ಲಿ ಮಲಗಿದ, ಜ್ವರದಲ್ಲಿ ತನ್ನನ್ನೇ ಕನವರಿಸಿದ ಜೀವ ಕಟ್ಟೆಯ ಮೇಲೆ ಕೂತಿತ್ತು. ಮೊಣಕಾಲೂರಿ ಎದುರಿಗೆ ಕೂತಳು. ಕೈಯ ಭಂಡಾರ ಇನ್ನೂ ಹೋಗಿರಲಿಲ್ಲ. ಹಿಟ್ಟು ಕಲಸಿದರೂ, ಎರಡು ಸಲ ತೊಳೆದರೂ, ಉಗುರ ಸಂದಿಯಲ್ಲಿ ಹಳದಿ ಉಳಿದಿತ್ತು.

"ಮಾಯವ್ವಾ, ನಾ ಅಂದದ್ದು ಸುಳ್ಳು. ಖರೇನ ಸುಳ್ಳು. ಆ ಸಿದ್ಧನ ಆಣಿ ಮಾಡ್ಲೇನು?"

ಹುಡುಗಿ ಇರುವೆ ಸಾಲಿಗೆ ಒಂದು ಕಡ್ಡಿ ಅಡ್ಡ ಇಟ್ಟಳು.

"ಪರೀಕ್ಷಾ ಮುಗಿಯೂ ತನಕ ನನ್ನ ಕೂಡ ಇರು ತಾಯಿ. ನಾಕ ತಿಂಗಳಾ, ಐದ ತಿಂಗಳಾ. ಆಮ್ಯಾಲ ನಾನ ನಿಮ್ಮವ್ವನ ಕಡೆ ಬಿಟ್ಟು ಬರ್ತೇನಿ. ಇರ್ತೀಯೇನವಾ?"

ಮಾಯವ್ವ ಆ ಹಳದಿ ಬೆರಳುಗಳನ್ನು ನೋಡಿದಳು. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

"ಒಲ್ಲೆ," ಎಂದಳು.