ರಿಬ್ಬನ್ ಕತ್ತರಿಸುವ ಮುಂಚೆ

ಅಮೆರಿಕದ ದಕ್ಷಿಣ ಡಕೋಟದಲ್ಲಿ ಹೊಸದಾಗಿ ಹಾಕಿದ ಒಂದು ರಸ್ತೆಗೆ ಮಾಜಿ ಪ್ರಥಮ ಮಹಿಳೆ ವರ್ಲಾ ಸ್ಕೋಗ್ಲಂಡ್ ಅವರ ಹೆಸರಿಟ್ಟರು. ಲೈಸೆನ್ಸ್ ಇದ್ದೂ ಆ ರಸ್ತೆಯಲ್ಲಿ ಗಾಡಿ ಓಡಿಸುವಂತಿಲ್ಲದವರು ಇಡೀ ಊರಿಗೆ ಅವರೊಬ್ಬರೇ.

ಗಂಡ ದೇಶದ ಅಧ್ಯಕ್ಷರಾದಾಗಿನಿಂದ ಕಾವಲಿನವರು ವರ್ಲಾ ಕೈಗೆ ಸ್ಟೀರಿಂಗ್ ಕೊಟ್ಟಿರಲಿಲ್ಲ. ಸಾರ್ವಜನಿಕ ರಸ್ತೆ ಅಂದಮೇಲೆ ಹಿಂದಿನ ಸೀಟೇ ಗತಿ, ಅದೂ ಸಾಯುವ ತನಕ. ಅಧಿಕಾರ ಹೋಯಿತು, ಗಂಡನೂ ಹೋದರು, ಹಿಂದಿನ ಸೀಟು ಮಾತ್ರ ಬಿಟ್ಟು ಹೋಗಲಿಲ್ಲ. ಆದರೂ ವರ್ಲಾ ಲೈಸೆನ್ಸನ್ನು ತಪ್ಪದೆ ನವೀಕರಿಸುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಉದ್ಘಾಟನೆಯ ದಿನ ಗವರ್ನರ್ ವರ್ಲಾ ಅವರ ಸಾಧನೆಗಳನ್ನು ಕೊಂಡಾಡಿದರು. ಹಳ್ಳಿಹಳ್ಳಿಗೂ ಗ್ರಂಥಾಲಯ ಮಾಡಿಸಿದರಂತೆ. ಮಾತು ಬಿಟ್ಟಿದ್ದ ಇಬ್ಬರು ರಾಜರನ್ನು ಒಂದೇ ಮೇಜಿಗೆ ಕೂರಿಸಿ ಸೂಪು ಕುಡಿಸಿದರಂತೆ. ವರ್ಲಾ ಪಕ್ಕದ ಮನೆಯವರ ಸುದ್ದಿ ಕೇಳುವ ಹಾಗೆ ಕೇಳಿಸಿಕೊಂಡರು. ಸೂಪು ಮಾಡಿದ್ದು ಅಡುಗೆಯವರು.

ಮದುವೆಗೆ ಮುಂಚೆ ಅವರು ಇದೇ ಊರಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದರೆಂಬುದನ್ನು ಗವರ್ನರ್ ಹೇಳಲಿಲ್ಲ. ಆಗ ಹಳ್ಳಕ್ಕೆ ಸೇತುವೆ ಇರಲಿಲ್ಲ, ಊರೆಲ್ಲ ಸುತ್ತಿ ಹೋಗಬೇಕಿತ್ತು. ಒಮ್ಮೆ ಹಿಮಗಾಳಿಗೆ ಸಿಕ್ಕಿ ಬಸ್ಸು ದಾರಿಯಲ್ಲೇ ನಿಂತಾಗ, ಬೆಳಗಿನ ತನಕ ಮಕ್ಕಳಿಂದ ಹಾಡು ಹೇಳಿಸಿ, ಒಬ್ಬೊಬ್ಬರನ್ನೂ ಚಳಿಗೆ ಒಂದು ಕೈಬೆರಳೂ ಮರಗಟ್ಟದ ಹಾಗೆ ಮನೆ ಮುಟ್ಟಿಸಿದ್ದರು. ತಾನು ಮಾಡಿದ ಕೆಲಸ ಅಂತ ವರ್ಲಾ ಲೆಕ್ಕಕ್ಕಿಟ್ಟುಕೊಂಡಿದ್ದು ಅದೊಂದನ್ನೇ.

ಕತ್ತರಿ ಕೈಗೆ ಬಂತು. ವರ್ಲಾ ಕಾವಲಿನ ಮುಖ್ಯಸ್ಥ ಪ್ರೂಯಿಟ್ ಕಡೆ ತಿರುಗಿದರು.

"ಅಲ್ಲಪ್ಪಾ, ರಿಬ್ಬನ್ ಕತ್ತರಿಸೋವರೆಗೂ ಇದು ಸಾರ್ವಜನಿಕ ರಸ್ತೇನಾ?"

ಪ್ರೂಯಿಟ್ ನಿಯಮದ ಮನುಷ್ಯ. ತುಂಬಾ ಹೊತ್ತು ಯೋಚಿಸಿದ.

"ಅಲ್ಲ ಮೇಡಂ."

"ಹಾಗಾದ್ರೆ ಈ ಕತ್ತರಿ ಹಿಡ್ಕೋ."

ಫೋಟೋಗೆಂದು ರಿಬ್ಬನ್ನಿನ ಆಚೆ ಶಾಲೆಯ ಹಳದಿ ಬಸ್ಸು ಖಾಲಿ ನಿಂತಿತ್ತು. ಅದರ ಡ್ರೈವರ್ ಲೈಲ್, ವರ್ಲಾ ಕೇಳುವ ಮುಂಚೆಯೇ ಕೀ ಕೊಟ್ಟುಬಿಟ್ಟ. ಚಿಕ್ಕವನಿದ್ದಾಗ ಅಕ್ಕಪಕ್ಕದವರನ್ನು ಕಚ್ಚುತ್ತಿದ್ದ ಅಂತ ವರ್ಷವಿಡೀ ಅವನನ್ನು ಮುಂದಿನ ಸೀಟಲ್ಲಿ ಒಬ್ಬನನ್ನೇ ಕೂರಿಸಿದ್ದವರು ಇವರೇ. ಪ್ರೂಯಿಟ್ ಹತ್ತಿ ಪಕ್ಕದಲ್ಲಿ ಕೂತ. ಏನು ಮಾಡಬೇಕೆಂದು ತಿಳಿಯದೆ ಬ್ಯಾಂಡಿನವರು ನುಡಿಸುತ್ತಲೇ ಇದ್ದರು.

ಹಳ್ಳದ ಮೇಲಿನ ಹೊಸ ಸೇತುವೆ ದಾಟಿ, ರಸ್ತೆ ಮುಗಿಯುವ ತನಕ ಹೋಗಿ, ವರ್ಲಾ ವಾಪಸ್ ಬಂದರು. ಗೇರು ಒಮ್ಮೆಯೂ ಕಿರುಗುಟ್ಟಲಿಲ್ಲ. ಇಳಿಯುವಾಗ ಮಾತ್ರ ಕೈ ಸ್ಟೀರಿಂಗ್ ಬಿಡಲೊಲ್ಲದು.

ಪ್ರೂಯಿಟ್ ದನಿ ತಗ್ಗಿಸಿ ಹೇಳಿದ: "ಕೈ ನೋವು ಅಂದ್ಬಿಡಿ ಮೇಡಂ. ಕತ್ತರಿಸೋದು ಮುಂದಿನ ವಾರ ಇಟ್ಕೊಳ್ಳಲಿ. ಅಲ್ಲೀವರೆಗೂ ದಿನಾ ಬಂದು ಓಡಿಸ್ಬಹುದು."

ಇಷ್ಟು ವರ್ಷದಲ್ಲಿ ಅವನು ನಿಯಮವನ್ನು ಇಷ್ಟು ಬಗ್ಗಿಸಿದ್ದು ಇದೇ ಮೊದಲು. ವರ್ಲಾ ಕಣ್ಣು ತುಂಬಿ ಬಂತು.

"ಆಸೆ ಇಲ್ಲ ಅನ್ಕೊಂಡ್ಯಾ? ಜೀವ ಬಡ್ಕೊಳ್ತಿದೆ ಕಣೋ. ಆದ್ರೆ ಸಂಜೆ ಮಕ್ಕಳು ಮತ್ತೆ ಊರು ಸುತ್ಕೊಂಡು ಮನೆಗೆ ಹೋಗ್ಬೇಕಲ್ಲ. ಕೊಡು ಇಲ್ಲಿ."

ಕತ್ತರಿ ತೆಗೆದುಕೊಂಡು ರಿಬ್ಬನ್ ಕತ್ತರಿಸಿದರು. ಜನ ಚಪ್ಪಾಳೆ ತಟ್ಟಿದರು. ಲೈಲ್ ಬಸ್ಸನ್ನು ಶಾಲೆ ಕಡೆಗೆ ತಿರುಗಿಸಿದ.

ವರ್ಲಾ ಕಾರಿನ ಹಿಂದಿನ ಬಾಗಿಲನ್ನು ತಾವೇ ತೆಗೆದು ಕೂತರು. ಪ್ರೂಯಿಟ್ ಓಡಿಸುತ್ತಿದ್ದ ಕಾರು ಸೇತುವೆ ಹತ್ತಿರ ಬಂತು.

"ಮುಂದೆ ರಸ್ತೆ ಎಡಕ್ಕೆ ಸ್ವಲ್ಪ ವಾಲಿದೆ, ನೋಡ್ಕೊಂಡು ಹೋಗಪ್ಪಾ" ಅಂದರು.

ಪ್ರೂಯಿಟ್ ವೇಗ ತಗ್ಗಿಸಿದ. ಆ ರಸ್ತೆಯಲ್ಲಿ ಗಾಡಿ ಓಡಿಸಿ ಗೊತ್ತಿದ್ದವರು ಆ ಹೊತ್ತಿಗೆ ಅವರೊಬ್ಬರೇ.